ಪಡಲಿಗೆ ಕಟ್ಟಿದ ಹೊಸ ಹಗ್ಗ

ಅತ್ತೆಯ ಎರಡೂ ಮುಂಗೈಗಳ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಗೀರುಗಳಿದ್ದವು. ಹಳೆಯವು ಬಿಳಿ, ಹೊಸವು ಕೆಂಪು, ನಡುವಿನವು ಒಣಗಿದ ಹುಣಸೆಹಣ್ಣಿನ ಬಣ್ಣ. ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕುಳಿತಳೆಂದರೆ ಎಲ್ಲವೂ ಒಟ್ಟಿಗೆ ಎದ್ದು ಕಾಣುತ್ತಿದ್ದವು. ಚಿಕ್ಕಂದಿನಲ್ಲಿ ಅವಳ ಪಕ್ಕ ಮಲಗಿದಾಗ ನಾನು ಆ ಗೀರುಗಳ ಮೇಲೆ ಬೆರಳಾಡಿಸುತ್ತಾ ಒಂದರಿಂದ ಇನ್ನೊಂದಕ್ಕೆ ದಾಟಿ ಹೋಗುವ ಆಟ ಆಡುತ್ತಿದ್ದೆ. ಅವಳ ಕೈಗೆ ಒಂದು ವಾಸನೆಯಿತ್ತು. ಸಾಂಬ್ರಾಣಿ ಹೊಗೆ ಆರಿಹೋದ ಮೇಲೆ ಕೋಣೆಯಲ್ಲಿ ಉಳಿಯುತ್ತದಲ್ಲ, ಹೆಚ್ಚುಕಡಿಮೆ ಅದೇ. ಅದು ಕಿಳುವೆ ಎಂಬ ಮುಳ್ಳುಗಿಡದ ಬೇಲಿಯ ಅಂಟಿನ ವಾಸನೆ. ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ.

ಅವಳು ನನ್ನ ಅಪ್ಪನ ಅಕ್ಕ. ನಮ್ಮದು ಎಷ್ಟೋ ತಲೆಮಾರಿನ ಹಿಂದೆ ಈ ತಮಿಳು ಸೀಮೆಗೆ ಬಂದು ನಿಂತ ಕನ್ನಡದ ಮನೆತನ. ಅಪ್ಪ ಓದಿ ಕೊಯಮತ್ತೂರು ಸೇರಿದರು, ನಾನು ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಅತ್ತೆ ಮಾತ್ರ ಗಂಡ ತೀರಿಹೋದ ಮೇಲೆ ವೆಳ್ಳಕೋಯಿಲ್ ಹತ್ತಿರದ ಊರಿಗೆ ಮರಳಿ, ತಾತ ಅವಳ ಹೆಸರಿಗೆ ಬರೆದುಕೊಟ್ಟಿದ್ದ ಕೊರಂಗಾಡಿನ ಅಂಚಿಗೆ ಒಂದು ಹೆಂಚಿನ ಮನೆ ಕಟ್ಟಿಸಿಕೊಂಡು ಉಳಿದುಬಿಟ್ಟಳು. ಕೊರಂಗಾಡು ಎಂದರೆ ಕಾಡಲ್ಲ, ಮೇವಿನ ಹೊಲ. ಸುತ್ತಲೂ ಕಿಳುವೆಯ ಜೀವಂತ ಮುಳ್ಳುಬೇಲಿ, ಒಳಗೆ ಮಳೆಯ ಹುಲ್ಲು, ಅಲ್ಲಲ್ಲಿ ಬಿಳಿಜಾಲಿ ಮರ. ಕುರಿಗಳನ್ನು ಒಳಗೆ ಬಿಟ್ಟರೆ ಹಗಲೂ ರಾತ್ರಿಯೂ ಅಲ್ಲೇ, ಕುರಿ ಕಾಯುವವರು ಬೇಕಿಲ್ಲ. ಆ ಬೇಲಿ ಅವಳ ಅಜ್ಜಿಯ ಕಾಲದ್ದು. ನಾಯಿ ನುಗ್ಗದಷ್ಟು ಒತ್ತಾಗಿತ್ತು, ಆದರೆ ಕೌಜುಗಗಳಿಗೆ ಮಾತ್ರ ಅದರಲ್ಲಿ ಮನೆ ಮಾಡಲು ಜಾಗ ಸಿಗುತ್ತಿತ್ತು. ಬೆಳಿಗ್ಗೆ ಅವುಗಳ ಗಲಾಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುವ ಮಾತೇ ಇಲ್ಲ.

"ಮೇಯೋದು ಕುರಿ ಕೆಲಸ, ಕಾಯೋದು ಬೇಲಿ ಕೆಲಸ. ನಂದೇನು ಅಮ್ಮಣಿ, ಪಡಲು ಹಾಕೋದೊಂದೇ," ಅನ್ನುತ್ತಿದ್ದಳು.

ಪಡಲು ಎಂದರೆ ಆ ಬೇಲಿಯ ಬಾಗಿಲು. ಕಟ್ಟಿಗೆಯ ಚೌಕಟ್ಟಿಗೆ ಒಣ ಮುಳ್ಳುಕೊಂಬೆ ಹೆಣೆದು, ಎರಡು ಕಲ್ಲುಕಂಬಗಳ ನಡುವೆ ನಿಲ್ಲಿಸಿ, ಹಗ್ಗದಿಂದ ಬಿಗಿಯುವುದು. ಅತ್ತೆಗೆ ಈ ಪಡಲಿನದು ಒಂದು ಹುಚ್ಚೇ ಆಗಿತ್ತು. ಯಾರು ಹೊಲದಿಂದ ಮನೆಗೆ ಬಂದರೂ ನೀರು ಕೊಡುವ ಮೊದಲು ಕೇಳುವ ಪ್ರಶ್ನೆ ಒಂದೇ: "ಪಡಲು ಹಾಕಿದ್ಯಾ?" ಕೊಯಮತ್ತೂರಿನಲ್ಲಿ ನನ್ನ ಅಣ್ಣನ ಮದುವೆ ನಡೆದಾಗ ಊಟದ ಎಲೆಯ ಮುಂದೆ ಕುಳಿತವಳು ಪಾಯಸ ಬಡಿಸುವ ಮೊದಲೇ ಎದ್ದು ಕೈ ತೊಳೆದಳು. ಏನಾಯ್ತು ಅಂದರೆ, "ಹಾಕಿದೆನೋ ಇಲ್ವೋ ಜ್ಞಾಪಕವೇ ಬರ್ತಾ ಇಲ್ಲ." ಅಪ್ಪ ಬೈದರು, ಅಮ್ಮ ಸೆರಗು ಹಿಡಿದುಕೊಂಡಳು. ಆಕೆ ಕೇಳಲಿಲ್ಲ, ಬಸ್ಸು ಹತ್ತಿಯೇ ಬಿಟ್ಟಳು. ಸಂಜೆ ಫೋನು ಮಾಡಿ ಒಂದೇ ಮಾತು ಹೇಳಿದಳು: "ಹಾಕಿತ್ತು." ಪಾಯಸ ಹೇಗಿತ್ತು ಎಂದೂ ಕೇಳಲಿಲ್ಲ.

ಆ ಕಡೆ ಒಂದು ಪದ್ಧತಿಯಿದೆ. ಕೊರಂಗಾಡನ್ನು ಬೇರೆಯವರ ಕೈಗೆ ಬಿಟ್ಟುಕೊಡುವವರು, ಮಾತುಕತೆ ಏನೇ ಆಗಿರಲಿ, 'ಕೊಟ್ಟೆ' ಎಂದು ಬಾಯಿಬಿಟ್ಟು ಹೇಳುವುದಿಲ್ಲ. ನೆಲಕ್ಕೆ ಕೇಳಿಸಬಾರದಂತೆ. ಪಡಲಿಗೆ ಹೊಸ ಹಗ್ಗ ಕಟ್ಟಿ, ತಿರುಗಿ ನೋಡದೆ ಹೊರಟುಹೋಗುತ್ತಾರೆ. ಹೊಸ ಹಗ್ಗ ಕಂಡರೆ ಹೊಲ ಕೈ ಬದಲಾಯಿತು ಎಂದು ಊರಿಗೆ ಗೊತ್ತಾಗುತ್ತದೆ. ಆದ್ದರಿಂದ ತಮ್ಮ ಹೊಲ ತಾವೇ ಇಟ್ಟುಕೊಳ್ಳುವವರು ಹಗ್ಗ ಎಷ್ಟೇ ಸವೆದರೂ ಬದಲಾಯಿಸುವುದಿಲ್ಲ, ಹರಿದಲ್ಲಿ ಗಂಟು ಹಾಕುತ್ತಾರೆ. ಅತ್ತೆಯ ಪಡಲಿನ ಹಗ್ಗದಲ್ಲಿ ಹಗ್ಗಕ್ಕಿಂತ ಗಂಟೇ ಹೆಚ್ಚು ಎಂದು ನಾವು ಮಕ್ಕಳು ನಗಾಡುತ್ತಿದ್ದೆವು. ಆ ಗಂಟು ಹಾಕುವುದನ್ನು ನನಗೂ ಕಲಿಸಿದ್ದಳು. ಎರಡು ತುದಿ, ಒಂದು ಸುತ್ತು, ಒಳಗಿನಿಂದ ಎಳೆತ. "ಕೈಗೆ ಕಲಿಸು, ಕಣ್ಣಿಗೆ ಬೇಡ," ಅನ್ನುವಳು.

ಕೆಲವು ವರ್ಷಗಳ ಹಿಂದೆ ಆ ಊರಿಗೆ ಸರ್ಕಾರದ ಒಂದು ಯೋಜನೆ ಬಂತು. ಪಾಳುಬಿದ್ದ ಜಮೀನುಗಳನ್ನು ಸಣ್ಣ ರೈತ ಕುಟುಂಬಗಳಿಗಾಗಿ ಮತ್ತೆ ಸಾಗುವಳಿಗೆ ತರುವುದು. ಮುಳ್ಳು ತೆಗೆಸಿಕೊಡುವುದು ಅವರದೇ ಯಂತ್ರ. ಅಕ್ಕಪಕ್ಕದ ಮನೆಗಳೆಲ್ಲ ಸೇರಿದರೆ ಎಲ್ಲರಿಗೂ ಒಂದು ಕೊಳವೆಬಾವಿ, ಬಿಸಿಲಿನಲ್ಲಿ ಓಡುವ ಪಂಪು, ಹನಿ ನೀರಾವರಿಯ ಪೈಪು. ಸಾಮೆ, ಸಜ್ಜೆ ಬೆಳೆದರೆ ಕೊಳ್ಳುವ ಏರ್ಪಾಡೂ ಉಂಟು. ಮಳೆ ಮೊದಲಿನ ಹಾಗೆ ಬರುವುದಿಲ್ಲ, ಕಡಿಮೆ ನೀರಿನ ಬೆಳೆಗೆ ತಿರುಗಬೇಕು ಎಂದು ಊರಿನಲ್ಲಿ ಸಭೆ ಮಾಡಿ ಹೇಳಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ತೊಂದರೆಯಿದ್ದದ್ದು ಒಂದೇ. ಸರ್ಕಾರದ ಲೆಕ್ಕದಲ್ಲಿ ಅತ್ತೆಯ ಕೊರಂಗಾಡೂ ಪಾಳು ಭೂಮಿಯೇ. ಉಳುವುದಿಲ್ಲ, ಬಿತ್ತುವುದಿಲ್ಲ, ಬರೀ ಮುಳ್ಳು. ಜೊತೆಗೆ, ನೀರಿದೆ ಎಂದು ಪರೀಕ್ಷೆಯವರು ಗುರುತು ಮಾಡಿದ ಜಾಗ ಅವಳ ಹೊಲದ ಮೂಲೆಯಲ್ಲಿ, ಬೇಲಿಯ ಒಳಗೇ ಬಿದ್ದಿತ್ತು. ಅವಳು ಸೇರದಿದ್ದರೆ ಪಕ್ಕದ ಯಾವ ಮನೆಗೂ ನೀರಿಲ್ಲ.

ಕೃಷಿ ಇಲಾಖೆಯ ಹುಡುಗ ಸ್ಕೂಟರಿನಲ್ಲಿ ಬಂದಿದ್ದ ದಿನ ನಾನು ಅಲ್ಲಿದ್ದೆ. ಒಳ್ಳೆಯವನು, ಸಂಕೋಚದವನು. ಮಜ್ಜಿಗೆ ಕುಡಿದು ಲೋಟ ತಾನೇ ತೊಳೆದಿಟ್ಟ. "ಅಜ್ಜೀ, ದಾಖಲೆಯಲ್ಲಿ ಇದು ತರಿಶು ಅಂತ ಇದೆ," ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದ. ತರಿಶು ಎಂದರೆ ಪಾಳು.

"ತರಿಶು ಅಂದ್ರೆ ಯಾರೂ ಇಲ್ದ ಜಾಗ ಸಾಮಿ. ನಾನು ಇಲ್ಲೇ ಇದೀನಲ್ಲ," ಎಂದು ಅತ್ತೆ ನಕ್ಕಳು.

ಅವನೂ ನಕ್ಕ. ಹುಲ್ಲನ್ನು ಬೆಳೆ ಎಂದು ಬರೆದುಕೊಳ್ಳಲು ತನಗೆ ಅಧಿಕಾರವಿಲ್ಲ, ಇದ್ದಿದ್ದರೆ ಬರೆದುಕೊಳ್ಳುತ್ತಿದ್ದೆ ಎಂದ. ಆ ಮಾತು ಮನಸ್ಸಿನಿಂದಲೇ ಬಂದಿತ್ತು, ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟಿಲ್ಲ. ಬೇಕೆಂದು ಕೆಟ್ಟದ್ದು ಮಾಡಿದವರು ಒಬ್ಬರಾದರೂ ಸಿಕ್ಕಿದ್ದರೆ ನನ್ನ ಮನಸ್ಸು ಎಷ್ಟೋ ಹಗುರವಾಗುತ್ತಿತ್ತು.

ನಿಜವಾದ ಒತ್ತಾಯ ಬಂದದ್ದು ಪಕ್ಕದ ಹೊಲದವಳಿಂದ. ಒತ್ತಾಯ ಎಂದರೆ ತಪ್ಪಾಗುತ್ತದೆ, ಅವಳು ಬಾಯಿಬಿಟ್ಟು ಏನೂ ಕೇಳಿದವಳಲ್ಲ. ಅತ್ತೆಗಿಂತ ಎಷ್ಟೋ ಚಿಕ್ಕವಳು, ಇಬ್ಬರು ಹೆಣ್ಣುಮಕ್ಕಳ ತಾಯಿ. ಅತ್ತೆಯ ಹಸುವಿನ ಹಾಲನ್ನು ದಿನಾ ಬೆಳಿಗ್ಗೆ ಸೊಸೈಟಿಗೆ ಒಯ್ದು ಹಾಕುತ್ತಿದ್ದವಳು, ಅತ್ತೆಗೆ ಜ್ವರ ಬಂದರೆ ಗಂಜಿ ಕಾಯಿಸಿ ತರುತ್ತಿದ್ದವಳು. ಅವಳ ನುಗ್ಗೆ ಗಿಡಗಳು ಆ ವರ್ಷ ನೀರಿಲ್ಲದೆ ಹೂವು ಉದುರಿಸಿದ್ದವು. ಟ್ಯಾಂಕರು ಬಂದ ದಿನ ಕೊಡಗಳನ್ನು ಸಾಲಾಗಿಟ್ಟುಕೊಂಡು ಬೇಲಿಯ ಆಚೆ ಕುಳಿತಿರುತ್ತಿದ್ದಳು, ಅಷ್ಟೆ. ಅತ್ತೆಗೆ ಅದು ಮನೆ ಜಗಲಿಯಿಂದಲೇ ಕಾಣುತ್ತಿತ್ತು.

"ಏನು ಮಾಡ್ತೀಯ ಅತ್ತೆ?" ಎಂದು ಕೇಳಿದೆ.

"ಕಣ್ಣು ಆಪರೇಷನ್ ಆಗಲಿ. ನೋಡಿ ಹೇಳ್ತೀನಿ."

ಅವಳಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪಂಗುನಿ ತಿಂಗಳಲ್ಲಿ, ಬಿಸಿಲು ಏರುವ ಹೊತ್ತಿಗೆ, ಕೊಯಮತ್ತೂರಿಗೆ ಕರೆತಂದೆ. ಹೊರಡುವಾಗ ಅವಳು ಕುರಿಗಳಿಗೆ ತೊಟ್ಟಿಯಲ್ಲಿ ನೀರು ತುಂಬಿಸಿ, ಪಕ್ಕದವಳಿಗೆ ಹೇಳಿ, ತಾನೇ ಹೋಗಿ ಪಡಲು ಬಿಗಿದು ಬಂದಳು. ನಾನು ಆಗಲೇ ಚೀಲಗಳೊಂದಿಗೆ ರಸ್ತೆಯಲ್ಲಿ ನಿಂತಿದ್ದೆ. ಅವಳು ತಿರುಗಿ ನೋಡದೆ ಬಂದಳೋ, ನೋಡಿ ಬಂದಳೋ, ನಾನು ಗಮನಿಸಲಿಲ್ಲ. ಬಸ್ಸು ಬರುತ್ತದೆಯೇ ಎಂದು ಆ ಕಡೆ ನೋಡುತ್ತಿದ್ದೆ.

ಮೊದಲು ಒಂದು ಕಣ್ಣಿಗೆ ಆಪರೇಷನ್. ಅದಾದ ಮೇಲೆ ಸ್ವಲ್ಪ ದಿನ ನಮ್ಮ ಮನೆಯಲ್ಲಿದ್ದಳು. ಮೂರನೇ ಮಹಡಿಯ ಫ್ಲ್ಯಾಟು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದ ಮೇಲೆ ಕುಳಿತು ಕೇಳುವಳು: "ಪಡಲು ಹಾಕಿದ್ಯಾ ಅಮ್ಮಣಿ?" ನಾನು ಬಾಲ್ಕನಿಯ ಸೊಳ್ಳೆಜಾಲರಿ ಎಳೆದು, "ಹಾಕಿದೆ ಅತ್ತೆ, ಒಂದು ಪಾರಿವಾಳವೂ ಒಳಗೆ ಬರಲ್ಲ," ಅನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಆ ದಿನಗಳಲ್ಲೇ ಅಲ್ಲಿ ಯಂತ್ರ ಓಡುತ್ತಿತ್ತು.

ನಡೆದದ್ದು ಇಷ್ಟು. ಅತ್ತೆ ಹೋದ ಮೇಲೆ ಪಕ್ಕದವಳು ಕುರಿ ನೋಡಲು ಹೋದಾಗ ಪಡಲಿಗೆ ಹೊಸ ಹಗ್ಗ ಕಟ್ಟಿತ್ತು. ಹಳದಿ ನಾರಿನ ಹಗ್ಗ, ಒಂದೂ ಗಂಟಿಲ್ಲ. ಅವಳು ಅಲ್ಲೇ ಕೈಮುಗಿದಳಂತೆ. ಊರಿನವರೆಲ್ಲ ಬಂದು ನೋಡಿದರು. ಅತ್ತೆ ಬಾಯಿಬಿಟ್ಟು ಹೇಳದೆ ಕೊಟ್ಟಿದ್ದಾಳೆ ಎಂದು ಎಲ್ಲರೂ ಅರ್ಥ ಮಾಡಿಕೊಂಡರು. ಯಂತ್ರ ಆ ವಾರವೇ ಮುಂದಿನ ಊರಿಗೆ ಹೋಗಬೇಕಿತ್ತು. ಸಹಿ ಆಮೇಲೆ ಹಾಕಿಸಿಕೊಂಡರಾಯಿತು, ನಾವೆಲ್ಲ ಸಾಕ್ಷಿ ಎಂದು ಊರೇ ಹೇಳಿದಾಗ ಇಲಾಖೆಯ ಹುಡುಗ ಒಪ್ಪಿದ. ಹಸಿ ಮರ ಬಿಡಿ, ಸತ್ತ ಮುಳ್ಳು ತೆಗೆಯಿರಿ ಎಂದು ಹೇಳಿ ಅವನು ಬೇರೆ ಕೆಲಸಕ್ಕೆ ಹೋದ. ಯಂತ್ರದವನು ನೀರಾವರಿ ಸೀಮೆಯಿಂದ ಬಂದವನು, ಕಿಳುವೆಯನ್ನು ಕಂಡವನಲ್ಲ. ಬೇಸಿಗೆಯಲ್ಲಿ ಕಿಳುವೆ ಒಂದೂ ಎಲೆಯಿಲ್ಲದೆ, ಕಟ್ಟಿಗೆಯ ಹಾಗೆ ಬೂದುಬಣ್ಣಕ್ಕೆ ತಿರುಗಿ ನಿಂತಿರುತ್ತದೆ. ಉಗುರಿನಿಂದ ಸಿಪ್ಪೆ ಕೆರೆದರೆ ಮಾತ್ರ ಒಳಗಿನ ಹಸಿರು ಕಾಣುವುದು. ಪಕ್ಕದವಳು ಕುರಿಗಳನ್ನು ತನ್ನ ಹೊಲಕ್ಕೆ ಹೊಡೆದುಕೊಂಡು ಹೋಗಿ ಕಟ್ಟಿ ಬರುವಷ್ಟರಲ್ಲಿ ಮೂರು ಕಡೆಯ ಬೇಲಿ ಮಗುಚಿ ಬಿದ್ದಿತ್ತು. ನಾಲ್ಕನೆಯದನ್ನು ಉಳಿಸಿ ಏನು ಮಾಡುವುದು ಎಂದು ಅದನ್ನೂ ತೆಗೆದರು. ಪಡಲು ಮನುಷ್ಯರು ಮಾಡಿದ್ದು, ಹಗ್ಗ ಬೇರೆ ಹೊಸದು ಎಂದು ಯಂತ್ರದವನು ಕಲ್ಲುಕಂಬಗಳ ಸಮೇತ ಅದನ್ನು ಹಾಗೇ ಬಿಟ್ಟಿದ್ದ.

ನಮಗೆ ಯಾರೂ ಫೋನು ಮಾಡಲಿಲ್ಲ. ಕೊಟ್ಟವರಿಗೆ ಏನೆಂದು ಹೇಳುವುದು?

ಬಸ್ಸಿಳಿದು ನಡೆದು ಬರುವಾಗ ಅತ್ತೆ ಕನ್ನಡಕ ತೆಗೆದಳು. ಬಹಳ ವರ್ಷಗಳ ಮೇಲೆ ಅವಳಿಗೆ ದೂರದ್ದು ನಿಚ್ಚಳವಾಗಿ ಕಾಣುತ್ತಿತ್ತು. ದಾರಿಯುದ್ದಕ್ಕೂ ಗಾಳಿಯಂತ್ರದ ರೆಕ್ಕೆ ಎಷ್ಟು ಬೆಳ್ಳಗಿದೆ ನೋಡು, ಆ ಹುಡುಗಿ ಎಷ್ಟು ಎತ್ತರ ಬೆಳೆದಿದ್ದಾಳೆ ನೋಡು ಎಂದು ಮಗುವಿನ ಹಾಗೆ ಹೇಳುತ್ತಾ ಬಂದವಳು, ತಿರುವಿನಲ್ಲಿ ನಿಂತುಬಿಟ್ಟಳು. ಎದುರಿಗೆ ಹೊಲ ಅಂಗೈ ಹಾಗೆ ಬಯಲಾಗಿತ್ತು. ಅಲ್ಲಲ್ಲಿ ನಿಂತ ಜಾಲಿ ಮರ ಬಿಟ್ಟರೆ ಅತ್ತಿಂದಿತ್ತ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ನಡುವೆ ಎರಡು ಕಲ್ಲುಕಂಬ, ಅವುಗಳ ನಡುವೆ ಮುಚ್ಚಿದ ಪಡಲು.

ಅತ್ತೆ ಕನ್ನಡಕವನ್ನು ಮಡಚಿ ಸೆರಗಿನಲ್ಲಿ ಸುತ್ತಿಕೊಂಡಳು.

"ಕಣ್ಣು ಚೆನ್ನಾಗಿ ಕಾಣ್ತಾ ಇದೆ ಅಮ್ಮಣಿ," ಎಂದಳು.

ಆಮೇಲೆ ನಡೆದು ಹೋಗಿ ಪಡಲಿನ ಹಗ್ಗ ಬಿಚ್ಚಿ, ಒಳಗೆ ಹೋಗಿ, ಪಡಲು ಹಾಕಿಕೊಂಡಳು. ನಾನೂ, ಓಡಿಬಂದ ಪಕ್ಕದವಳೂ ಈಚೆಗೆ ನಿಂತೆವು. ಎಡಕ್ಕೆ ಎರಡು ಹೆಜ್ಜೆ ಸರಿದರೆ ಒಳಗೇ, ಆದರೆ ಇಬ್ಬರಿಗೂ ಸರಿಯಲು ಆಗಲಿಲ್ಲ. ಅವಳು ಬಂದು ತೆಗೆಯುವವರೆಗೆ ಹಾಗೇ ನಿಂತಿದ್ದೆವು.

ಪಕ್ಕದವಳು ಅಳುತ್ತಾ, "ಹೊಸ ಹಗ್ಗ ನೋಡಿದೆನಲ್ಲಮ್ಮಾ..." ಎಂದಳು.

"ಹಳೇದು ಹರಿದು ಹೋಗಿತ್ತು ಮಗಳೇ. ಗಂಟು ಹಾಕೋಕೆ ಕಣ್ಣು ಕಾಣ್ಲಿಲ್ಲ. ಮನೇಲಿದ್ದ ಹಗ್ಗ ತಂದು ಕಟ್ಟಿದೆ," ಎಂದಳು ಅತ್ತೆ. ಅವಳ ತಲೆ ನೇವರಿಸಿದಳು. ಆ ವಿಷಯ ಆಮೇಲೆ ಯಾವತ್ತೂ ಅವಳ ಬಾಯಿಂದ ಬರಲಿಲ್ಲ. ಇಲಾಖೆಯ ಹುಡುಗ ಬಂದು ತಲೆ ತಗ್ಗಿಸಿ ನಿಂತಾಗಲೂ ಮಜ್ಜಿಗೆ ಕೊಟ್ಟು, ಸಹಿ ಎಲ್ಲಿ ಹಾಕಬೇಕು ತೋರಿಸು ಎಂದಳು. ಹೊಲ ಮಾತ್ರ ಉಳಬೇಡಿ, ಹುಲ್ಲು ಇರಲಿ ಎಂದಳು. ಹಾಗೇ ಬಿಟ್ಟರು.

ಕೊಳವೆಬಾವಿಯಲ್ಲಿ ನೀರು ಬಂತು. ಈ ಮಾತನ್ನು ನಾನು ಬಚ್ಚಿಡಲಾರೆ. ಅಕ್ಕಪಕ್ಕದ ಮನೆಗಳೆಲ್ಲ ಸಾಮೆ ಬೆಳೆದವು, ನುಗ್ಗೆಯ ಹೂವು ಉದುರದೆ ನಿಂತಿತು, ಪಕ್ಕದವಳು ಸೊಪ್ಪನ್ನು ರೈತರ ಸಂತೆಗೆ ಒಯ್ದು ತಾನೇ ಮಾರತೊಡಗಿದಳು. ನಮ್ಮ ಮನೆಗೂ ಅವಳ ಹೊಲದ ಸಾಮೆ ಬರುತ್ತದೆ. ಅನ್ನ ಚೆನ್ನಾಗಿಯೇ ಆಗುತ್ತದೆ, ಆದರೆ ಮೊದಲ ತುತ್ತು ಬಾಯಿಗಿಟ್ಟಾಗಲೆಲ್ಲ ನನಗೆ ಆ ಬಯಲು ಕಾಣುತ್ತದೆ. ಏನು ಮಾಡಲಿ, ಊಟ ಬಿಡಲು ಆಗುವುದಿಲ್ಲ.

ಅತ್ತೆ ಹೆಚ್ಚಿನ ಕುರಿಗಳನ್ನು ಕೊಟ್ಟುಬಿಟ್ಟು ಕೆಲವನ್ನು ಇಟ್ಟುಕೊಂಡಳು. ಬೇಲಿಯ ಕೆಲಸವೂ ಈಗ ಅವಳ ಮೇಲೇ ಬಿತ್ತು. ಕೋಲು ಹಿಡಿದು ದಿನವಿಡೀ ಅವುಗಳ ಹಿಂದೆ ತಿರುಗುವಳು. ಸಂಜೆ ಕುರಿಗಳನ್ನು ಹೊರಗೆ ನೀರಿಗೆ ಕರೆದೊಯ್ದು, ಮತ್ತೆ ಪಡಲಿನ ಮುಂದೆ ತಂದು ನಿಲ್ಲಿಸಿ, ತೆಗೆದು, ಒಂದೊಂದನ್ನೇ ಒಳಗೆ ಬಿಟ್ಟು, ಹಾಕಿ, ಹಗ್ಗ ಬಿಗಿದು, ಒಮ್ಮೆ ಎಳೆದು ನೋಡುವಳು. ಮೊದಮೊದಲು ರಸ್ತೆಯಲ್ಲಿ ಹೋಗುವವರು ನಗುತ್ತಿದ್ದರು. ಆಮೇಲೆ ಆ ಹೊತ್ತಿಗೆ ಅಲ್ಲಿ ಓಡಾಡುವುದನ್ನೇ ಕಡಿಮೆ ಮಾಡಿದರು. ಮಳೆ ಹಿಡಿಯುವ ಆಡಿ ತಿಂಗಳಲ್ಲಿ ಕಿಳುವೆಯ ಕಡ್ಡಿ ತರಿಸಿ ಸುತ್ತಲೂ ನೆಟ್ಟಳು. ಮಳೆ ಎರಡು ಸಲ ಹೊಡೆದು ನಿಂತುಹೋಯಿತು. ಅಲ್ಲೊಂದು ಇಲ್ಲೊಂದು ಚಿಗುರಿತು, ಉಳಿದದ್ದು ಒಣಗಿತು. ಮುಂಗೈಯ ಕೆಂಪು ಗೀರುಗಳೆಲ್ಲ ಬೆಳ್ಳಗಾದವು, ಹೊಸವು ಬೀಳಲಿಲ್ಲ. ಎರಡನೇ ಕಣ್ಣಿನ ಆಪರೇಷನ್ ಬೇಡವೆಂದಳು. ಬೆಳಿಗ್ಗೆ ಅವಳ ಮನೆಯಲ್ಲಿ ಎದ್ದರೆ ಆ ನಿಶ್ಶಬ್ದ ಕಿವಿಗೆ ಹೊಡೆಯುತ್ತಿತ್ತು. ಕೌಜುಗಗಳು ಎಲ್ಲಿಗೆ ಹೋದವೋ ಯಾರಿಗೂ ಗೊತ್ತಿಲ್ಲ.

ಕಳೆದ ಮಾರ್ಗಳಿಯ ಚಳಿಯಲ್ಲಿ ಎದೆಯಲ್ಲಿ ಕಫ ಕಟ್ಟಿ ಮಲಗಿದವಳನ್ನು ಕೊಯಮತ್ತೂರಿನ ಆಸ್ಪತ್ರೆಗೆ ಸೇರಿಸಿದೆವು. ಅವಳು ಏಳಲಿಲ್ಲ. ಕೊನೆಯ ಸಂಜೆ, ವಾರ್ಡಿನ ಲೈಟು ಹಾಕಿದ ಹೊತ್ತಿಗೆ, ಕಣ್ಣು ಬಿಟ್ಟು ನನ್ನನ್ನು ಹುಡುಕಿ ಕೇಳಿದಳು: "ಪಡಲು ಹಾಕಿದ್ಯಾ?"

"ಹಾಕಿದೆ ಅತ್ತೆ," ಎಂದೆ. ಈ ಸಲ ನಗಲು ಆಗಲಿಲ್ಲ.

ಉತ್ತರಕ್ರಿಯೆಯ ಕೆಲಸಗಳೆಲ್ಲ ಮುಗಿದ ಮೇಲೆ ಊರಿಗೆ ಹೋದೆ. ಹೊಲ ನನಗೆ ಬರೆದಿಟ್ಟಿದ್ದಳು. ಕುರಿಗಳನ್ನು ಪಕ್ಕದವಳು ನೋಡಿಕೊಳ್ಳುತ್ತಿದ್ದಳು. ಸಂಜೆ ಅವು ನೀರು ಕುಡಿದು ಬಂದವು. ಬಂದು ಕಲ್ಲುಕಂಬಗಳ ಮುಂದೆ ಒಂದರ ಹಿಂದೆ ಒಂದು ನಿಂತವು. ಎರಡೂ ಪಕ್ಕ ಬಯಲು, ಯಾರ ತಡೆಯೂ ಇಲ್ಲ. ಆದರೂ ಒಂದೂ ಸುತ್ತಿ ಹೋಗಲಿಲ್ಲ. ಮುಚ್ಚಿದ ಪಡಲನ್ನೇ ನೋಡುತ್ತಾ ನಿಂತಿದ್ದವು.

"ದಿನಾ ಹೀಗೇ ಅಕ್ಕಾ. ನಾವೂ ಹೀಗೇ ಹೋಗ್ತೀವಿ. ಸುತ್ತಿ ಹೋಗೋಕೆ ಕಾಲೇ ಬರಲ್ಲ," ಎಂದಳು ಪಕ್ಕದವಳು.

ಪಡಲು ತೆಗೆದು ಕುರಿಗಳನ್ನು ಒಳಗೆ ಬಿಟ್ಟೆ. ಮತ್ತೆ ಹಾಕಿ ಬಿಗಿಯಲು ಹೋದಾಗ ಹಗ್ಗ ಕೈಯಲ್ಲಿ ಹರಿದು ಬಂತು. ಅತ್ತೆ ಅಂದು ಕಟ್ಟಿದ ಹಳದಿ ಹಗ್ಗ. ಬಿಸಿಲಿಗೆ ಬೆಳ್ಳಗಾಗಿತ್ತು. ಪಕ್ಕದವಳು ಮನೆಯಿಂದ ಒಂದು ಹೊಸ ಹಗ್ಗ ತಂದಳು. ಕೈಗೆ ಕೊಡಲಿಲ್ಲ, ಕಲ್ಲುಕಂಬದ ಮೇಲಿಟ್ಟಳು. "ಇನ್ನು ನಿಮ್ಮದು ಅಕ್ಕಾ. ನೀವೇ ನೋಡಿ," ಎಂದು ಮುಖ ಆ ಕಡೆ ತಿರುಗಿಸಿ ನಿಂತಳು.

ನಾನು ಹರಿದ ಎರಡು ತುದಿಗಳನ್ನು ಹಿಡಿದುಕೊಂಡೆ. ಏಕೋ, ಕಣ್ಣು ಮುಚ್ಚಿಕೊಂಡೆ. ಒಂದು ಸುತ್ತು, ಒಳಗಿನಿಂದ ಎಳೆತ. ಎಷ್ಟೋ ವರ್ಷಗಳ ಮೇಲೆ ಹಾಕಿದ್ದು. ಆದರೂ ಬೆರಳು ಎಲ್ಲೂ ತಡವರಿಸಲಿಲ್ಲ. ಗಂಟು ಬಿತ್ತು, ಬಿಗಿಯಾಗಿಯೇ ಬಿತ್ತು.

ಹಾಗೇ ಕಣ್ಣು ಮುಚ್ಚಿ ನಿಂತೆ. ನಗರದಲ್ಲಿ ಬೆಳೆದ ನನ್ನ ಕೈಗೇ ಬರುವ ಗಂಟಿಗೆ ಅತ್ತೆಗೆ ಕಣ್ಣು ಬೇಕಿತ್ತೇ? ಅವಳು ಕೊಟ್ಟೇ ಬಂದಿದ್ದಳು. ಸಾಲಾಗಿಟ್ಟ ಆ ಕೊಡಗಳನ್ನು ನೋಡಿ, ಬೇಲಿ ಉಳಿದೀತು ಎಂದುಕೊಂಡು, ಬಾಯಿ ತೆರೆಯದೆ ಕೊಟ್ಟಿದ್ದಳು. ಬೇಲಿ ಹೋದದ್ದನ್ನು ಕಂಡಾಗ ಅಳುತ್ತಿದ್ದವಳ ಮುಖ ನೋಡಿ, ಕಣ್ಣು ಕಾಣಲಿಲ್ಲ ಎಂದು ತಪ್ಪನ್ನು ತನ್ನ ಕಣ್ಣಿನ ಮೇಲೆ ಹಾಕಿಕೊಂಡಿದ್ದಳು.

ಪಕ್ಕದವಳಿಗೆ ನಾನು ಇದನ್ನು ಹೇಳಲಿಲ್ಲ. ನಾವು ನಿಂತದ್ದು ಅದೇ ನೆಲದ ಮೇಲೆ, ಅದಕ್ಕೆ ಕೇಳಿಸಬಾರದಲ್ಲ. ಹೊಸ ಹಗ್ಗವನ್ನು ಕಂಬದ ಮೇಲೇ ಬಿಟ್ಟು, ಗಂಟು ಹಾಕಿದ ಹಗ್ಗದಿಂದ ಪಡಲು ಬಿಗಿದು, ಒಮ್ಮೆ ಎಳೆದು ನೋಡಿದೆ. ನೀರಿನ ಪೈಪು ಹೇಗಿದೆಯೋ ಹಾಗೇ ಇರಲಿ, ಆಡಿಯಲ್ಲಿ ಕಿಳುವೆ ಕಡ್ಡಿ ನೆಡಲು ಬರುತ್ತೇನೆ ಎಂದೆ. ಅವಳು ತಲೆಯಾಡಿಸಿದಳು.

ಕೊಯಮತ್ತೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಸೂಲೂರು ದಾಟುವಾಗ ರಸ್ತೆಯ ದೀಪಗಳು ಹತ್ತಿಕೊಂಡವು. ಆಗ ಕಿವಿಯ ಹತ್ತಿರವೇ, ನೀರು ಕೊಡುವ ಮೊದಲು ಕೇಳುವ ಅದೇ ದನಿ ಬಂತು. ಈಗಲೂ ದಿನಾ ಆ ಹೊತ್ತಿಗೆ ಬರುತ್ತದೆ.

"ಹಾಕಿದೆ ಅತ್ತೆ," ಎಂದೆ. ಪಕ್ಕದ ಸೀಟಿನಾಕೆ ತಿರುಗಿ ನೋಡಿದಳು. ನನ್ನ ಅಂಗೈಯಲ್ಲಿ ಪಡಲಿನ ಮುಳ್ಳು ಗೀರಿದ್ದು ಇನ್ನೂ ಉರಿಯುತ್ತಿತ್ತು.